ಪದ ಪರಿಚಯ: ಚುಕ್ಕೆ ಗುರುತಿನ ಪ್ರಶ್ನೆ

ಅಧಿವೇಶನ ಶುರುವಾದರೆ ಸಾಕು, ಪೇಪರಿನಲ್ಲಿ ಈ ಮಾತು ದಿನಾ ಕಣ್ಣಿಗೆ ಬೀಳುತ್ತದೆ. ‘ಚುಕ್ಕೆ ಗುರುತಿನ ಪ್ರಶ್ನೆಗೆ ಉತ್ತರಿಸಿದ ಸಚಿವರು’ ಎಂದು ಶುರುವಾಗುವ ಸುದ್ದಿಯಲ್ಲಿ ಸಾಲ, ಸಬ್ಸಿಡಿ, ಬಾಕಿ ಬಿಲ್ಲುಗಳ ಲೆಕ್ಕ ಇರುತ್ತದೆ. ಚುಕ್ಕೆ ಹಾಕಿದ್ದಾರೆ ಅಂದಮೇಲೆ ಅದು ಭಾರಿ ಮುಖ್ಯವಾದ ಪ್ರಶ್ನೆ ಇರಬೇಕು ಎಂದು ಬಹಳ ಜನ ತಿಳಿದಿದ್ದಾರೆ. ಹಾಗೇನೂ ಇಲ್ಲ.

ಶಾಸಕರು ಅಥವಾ ಸಂಸದರು ಪ್ರಶ್ನೆಯ ನೋಟಿಸು ಕೊಡುವಾಗಲೇ ‘ನನಗೆ ಇದಕ್ಕೆ ಸದನದಲ್ಲಿ ಬಾಯಿ ಮಾತಿನ ಉತ್ತರ ಬೇಕು’ ಎಂದು ತಿಳಿಸಬಹುದು. ಅಂಥ ಪ್ರಶ್ನೆಯ ಸಂಖ್ಯೆಗೆ ನಕ್ಷತ್ರದಂಥ ಒಂದು ಗುರುತು ಬೀಳುತ್ತದೆ. ಅದೇ ಚುಕ್ಕೆ. ಚುಕ್ಕೆ ಇಲ್ಲದ ಪ್ರಶ್ನೆಗೆ ಬರೆದ ಉತ್ತರ ಬರುತ್ತದೆ, ಅಲ್ಲಿಗೆ ಮುಗಿಯಿತು. ಚುಕ್ಕೆ ಇರುವುದಕ್ಕೆ ಸಚಿವರು ಎದ್ದು ನಿಲ್ಲಬೇಕು. ನಿಂತಮೇಲೆ ಪ್ರಶ್ನೆ ಕೇಳಿದವರು ಉಪಪ್ರಶ್ನೆ ಕೇಳಬಹುದು, ಸಭಾಧ್ಯಕ್ಷರು ಒಪ್ಪಿದರೆ ಬೇರೆಯವರೂ ಕೇಳಬಹುದು. ಚುಕ್ಕೆಯ ನಿಜವಾದ ಬೆಲೆ ಇರುವುದು ಈ ಉಪಪ್ರಶ್ನೆಯಲ್ಲಿ. ಮೊದಲ ಉತ್ತರವನ್ನು ಇಲಾಖೆಯ ಅಧಿಕಾರಿಗಳು ಬರೆದುಕೊಟ್ಟಿರುತ್ತಾರೆ. ಉಪಪ್ರಶ್ನೆ ಏನು ಬರುತ್ತದೋ ಯಾರಿಗೂ ಗೊತ್ತಿರುವುದಿಲ್ಲ. ಸಚಿವರಿಗೆ ತಮ್ಮ ಇಲಾಖೆ ಎಷ್ಟು ಗೊತ್ತು ಅನ್ನುವುದು ಬಯಲಾಗುವುದೇ ಅಲ್ಲಿ.

ಈ ಹಕ್ಕು ನಮಗೆ ಒಂದೇ ಸಲ ಸಿಕ್ಕಿದ್ದಲ್ಲ. ಬ್ರಿಟಿಷರ ಕಾಲದಲ್ಲಿ 1892ರ ಕಾಯ್ದೆ ಬಂದಮೇಲೆ ಶಾಸನ ಸಭೆಯ ಸದಸ್ಯರು ಪ್ರಶ್ನೆ ಕೇಳುವ, ಬಜೆಟ್ ಬಗ್ಗೆ ಮಾತಾಡುವ ಹಾಗಾಯಿತು. ಆದರೆ ಕೊಟ್ಟ ಉತ್ತರದ ಮೇಲೆ ಮತ್ತೆ ಬಾಯಿ ತೆರೆಯುವ ಹಾಗಿರಲಿಲ್ಲ. ಉಪಪ್ರಶ್ನೆಗೆ ಅವಕಾಶ ಬಂದದ್ದು 1909ರಲ್ಲಿ.

ಈಗಿನ ಲೋಕಸಭೆಯ ಪದ್ಧತಿ ನೋಡಿ. ಕಡೇ ಪಕ್ಷ 15 ದಿನ ಮೊದಲು ನೋಟಿಸು ಕೊಡಬೇಕು. ಬಂದ ನೋಟಿಸುಗಳಿಗೆ ಚೀಟಿ ಎತ್ತುತ್ತಾರೆ. ಒಂದು ದಿನದ ಪಟ್ಟಿಯಲ್ಲಿ ಚುಕ್ಕೆ ಗುರುತಿನವು 20, ಚುಕ್ಕೆ ಇಲ್ಲದವು 230. ಒಬ್ಬ ಸದಸ್ಯರಿಗೆ ದಿನಕ್ಕೆ ಒಂದೇ ಚುಕ್ಕೆ. ಪ್ರಶ್ನೋತ್ತರಕ್ಕೆ ಇರುವುದು ಒಂದು ಗಂಟೆ, ಅದರಲ್ಲಿ ಗದ್ದಲಕ್ಕೆ ಹೋದದ್ದು ಹೋಗಿ, ಸಾಮಾನ್ಯವಾಗಿ ಐದಾರು ಪ್ರಶ್ನೆ ಮುಗಿದರೆ ಜಾಸ್ತಿ. ಉಳಿದ ಚುಕ್ಕೆ ಪ್ರಶ್ನೆಗಳಿಗೂ ಬರೆದ ಉತ್ತರವೇ ಗತಿ. 2019ರ ನವೆಂಬರ್ 27ರಂದು ಇಪ್ಪತ್ತಕ್ಕೆ ಇಪ್ಪತ್ತೂ ಪ್ರಶ್ನೆಗಳ ಸರದಿ ಬಂದಾಗ ಅದೇ ಒಂದು ಸುದ್ದಿಯಾಯಿತು. ಯಾಕಂದರೆ 1972ರಿಂದ ಈಚೆಗೆ ಹಾಗಾಗಿರಲಿಲ್ಲ!

ಹಣಕಾಸಿನ ವಿಷಯದಲ್ಲಿ ಈ ಪ್ರಶ್ನೆಗಳಿಗೆ ಯಾಕೆ ಅಷ್ಟು ತೂಕ? ಬಜೆಟ್ ಅಧಿವೇಶನ ಕೆಲವು ವಾರಗಳಲ್ಲಿ ಮುಗಿಯುತ್ತದೆ. ಎಷ್ಟೋ ಇಲಾಖೆಗಳ ಬೇಡಿಕೆಗಳು, ಅಂದರೆ ಖರ್ಚಿಗೆ ಇಷ್ಟು ಹಣ ಬೇಕು ಎಂದು ಸದನದ ಮುಂದಿಟ್ಟವು, ಚರ್ಚೆಯೇ ಇಲ್ಲದೆ ಪಾಸಾಗುತ್ತವೆ. ಖರ್ಚು ಸರಿಯಾಯಿತೇ ಎಂದು ನೋಡುವ ಸಿಎಜಿ ವರದಿ ಬರುವಷ್ಟರಲ್ಲಿ ದುಡ್ಡು ಖರ್ಚಾಗಿ ಒಂದೆರಡು ವರ್ಷ ಆಗಿರುತ್ತದೆ. ಸಾರ್ವಜನಿಕ ಲೆಕ್ಕಪತ್ರ ಸಮಿತಿ ಅದನ್ನು ಕೈಗೆತ್ತಿಕೊಳ್ಳುವುದು ಇನ್ನೂ ತಡ. ದುಡ್ಡು ಹೋಗುತ್ತಿರುವಾಗಲೇ ‘ಎಲ್ಲಿಗೆ ಹೋಗ್ತಾ ಇದೆ ಸ್ವಾಮಿ?’ ಎಂದು ಕೇಳಲು ಒಬ್ಬ ಸಾಮಾನ್ಯ ಸದಸ್ಯನ ಕೈಯಲ್ಲಿ ಇರುವುದು ಮುಖ್ಯವಾಗಿ ಈ ಪ್ರಶ್ನೆಯೇ. ಆಡಳಿತ ಪಕ್ಷದವರೂ ಕೇಳಬಹುದು, ಕೇಳಿದ್ದಾರೆ ಕೂಡ.

ಅದಕ್ಕೆ ಎಲ್ಲರೂ ಕೊಡುವ ಉದಾಹರಣೆ ಮುಂದ್ರಾ ಹಗರಣ. 1957ರಲ್ಲಿ, ಸರ್ಕಾರದ್ದಾಗಿ ಇನ್ನೂ ವರ್ಷ ತುಂಬುವಷ್ಟರಲ್ಲಿ, ಎಲ್‌ಐಸಿ ಹರಿದಾಸ್ ಮುಂದ್ರಾ ಎಂಬ ವ್ಯಾಪಾರಿಯ ಆರು ಕಂಪನಿಗಳ ಷೇರುಗಳನ್ನು ಸುಮಾರು ಒಂದೂಕಾಲು ಕೋಟಿ ರೂಪಾಯಿಗೆ ಕೊಂಡಿತ್ತು. ಎಲ್‌ಐಸಿಯ ಹೂಡಿಕೆ ಸಮಿತಿಯನ್ನೇ ಕೇಳಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಲೋಕಸಭೆಯಲ್ಲಿ ಪ್ರಶ್ನೆ ಬಂತು, ಉತ್ತರ ಹಾರಿಕೆಯದಾಗಿತ್ತು. ನವೆಂಬರ್‌ನಲ್ಲಿ ಮತ್ತೆ ಕೇಳಿದರು. ಉತ್ತರಗಳು ಒಂದಕ್ಕೊಂದು ಕೂಡಿಬರಲಿಲ್ಲ. ಡಿಸೆಂಬರ್ 16ರಂದು ಫಿರೋಜ್ ಗಾಂಧಿ ಎದ್ದು ನಿಂತು ಇಡೀ ವ್ಯವಹಾರವನ್ನು ಬಿಡಿಸಿಟ್ಟರು. ಅವರು ಆಡಳಿತ ಪಕ್ಷದ ಸಂಸದ, ಪ್ರಧಾನಿಯ ಅಳಿಯ ಬೇರೆ. ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ.ಸಿ. ಛಾಗ್ಲಾ ಬಹಿರಂಗ ವಿಚಾರಣೆ ನಡೆಸಿದರು. 1958ರ ಫೆಬ್ರುವರಿಯಲ್ಲಿ ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ ರಾಜೀನಾಮೆ ಕೊಟ್ಟರು. ಹಿಂದಿನ ಉತ್ತರ ಕಡತದಲ್ಲಿ ದಾಖಲಾಗಿರುತ್ತದೆ, ಮುಂದಿನ ಸಲ ಅದನ್ನೇ ಹಿಡಿದು ಕೇಳಬಹುದು. ಆಗ ಸಚಿವರು ಸಿಕ್ಕಿಬಿದ್ದದ್ದು ಹಾಗೆ.

ಇಷ್ಟೆಲ್ಲ ಹೇಳಿದಮೇಲೂ ನನ್ನನ್ನು ಕೇಳಿದರೆ, ಲೆಕ್ಕ ಬೇಕಾದವರು ಚುಕ್ಕೆಯ ಹಿಂದೆ ಬೀಳಬಾರದು. ನೀತಿಯ ಬಗ್ಗೆ ಸಚಿವರನ್ನು ಹಿಡಿದು ನಿಲ್ಲಿಸಬೇಕಾದರೆ ಚುಕ್ಕೆ ಬೇಕು. ಅಂಕಿ ಅಂಶ ಬೇಕಾದರೆ ಚುಕ್ಕೆ ಇಲ್ಲದ ಪ್ರಶ್ನೆಯೇ ವಾಸಿ. ಟಿವಿ ಕ್ಯಾಮೆರಾ ಅದರ ಕಡೆ ತಿರುಗುವುದಿಲ್ಲ, ನಿಜ. ಆದರೆ ವರ್ಷವಾರು, ಜಿಲ್ಲಾವಾರು, ಬ್ಯಾಂಕುವಾರು ಪಟ್ಟಿ ಅನುಬಂಧದಲ್ಲಿ ಬರುತ್ತದೆ.

2023ರ ಆಗಸ್ಟ್‌ನಲ್ಲಿ ಬ್ಯಾಂಕುಗಳು ರೈಟ್ ಆಫ್ ಮಾಡಿದ (ವಸೂಲಾಗದ್ದೆಂದು ತಮ್ಮ ಲೆಕ್ಕದ ಪುಸ್ತಕದಿಂದ ತೆಗೆದ) ಸಾಲದ ಬಗ್ಗೆ ಲೋಕಸಭೆಗೆ ಬಂದ ಲಿಖಿತ ಉತ್ತರವನ್ನೇ ತೆಗೆದುಕೊಳ್ಳಿ. 2014-15ರಿಂದ ಒಂಬತ್ತು ವರ್ಷಗಳಲ್ಲಿ ವಾಣಿಜ್ಯ ಬ್ಯಾಂಕುಗಳು ರೈಟ್ ಆಫ್ ಮಾಡಿದ್ದು ಒಟ್ಟು 14.56 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ದೊಡ್ಡ ಉದ್ಯಮ ಮತ್ತು ಸೇವಾ ವಲಯದ್ದು 7.40 ಲಕ್ಷ ಕೋಟಿ. ಹೀಗೆ ರೈಟ್ ಆಫ್ ಆದ ಸಾಲಗಳಲ್ಲಿ ವಸೂಲಾದದ್ದು 2.04 ಲಕ್ಷ ಕೋಟಿ. ಈ ಮೂರು ಅಂಕಿ ಒಟ್ಟಿಗೆ ನಮ್ಮ ಕೈಗೆ ಬಂದದ್ದು ಯಾರೋ ಕುಳಿತು ಮೂರನ್ನೂ ಬಿಡಿಬಿಡಿಯಾಗಿ ಕೇಳಿದ್ದರಿಂದ. ಆಮೇಲೆ ಏನಾಯಿತು? ಒಂದು ಕಡೆಯವರು ಮೊದಲ ಅಂಕಿ ಹಿಡಿದು ‘ಸಾಲ ಮನ್ನಾ’ ಅಂದರು. ಸರ್ಕಾರದ ಕಡೆಯವರು ‘ಇದು ಬ್ಯಾಂಕಿನ ಪುಸ್ತಕದಿಂದ ತೆಗೆದದ್ದು ಅಷ್ಟೇ, ಸಾಲಗಾರ ಕಟ್ಟಲೇಬೇಕು’ ಅಂದರು. ಆ ಮಾತು ಸರಿಯೇ, ರೈಟ್ ಆಫ್ ಬೇರೆ, ಮನ್ನಾ ಬೇರೆ. ಆದರೆ ವಸೂಲಿಯ ಅಂಕಿ ಎಷ್ಟು ಸಣ್ಣದು ಅನ್ನುವುದೂ ಅದೇ ಉತ್ತರದಲ್ಲಿದೆ ಅಲ್ವಾ?

ನಮ್ಮ ವಿಧಾನಸಭೆಯ ಉತ್ತರ ಪತ್ರಿಕೆ ನೋಡಿದ್ದೀರಾ? ಮೇಲೆ ಸದಸ್ಯರ ಹೆಸರು, ಉತ್ತರಿಸುವ ದಿನಾಂಕ, ಉತ್ತರಿಸುವ ಸಚಿವರು. ಕೆಳಗೆ ಎರಡು ಕಾಲಂ. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ. ಪ್ರಶ್ನೆಯನ್ನು ಅ, ಆ, ಇ, ಈ ಎಂದು ಒಡೆದಿರುತ್ತಾರೆ. ಯಾವುದೇ ಅಧಿವೇಶನದ ಕಂತೆ ತಿರುವಿ ಹಾಕಿ, ‘ಉದ್ಭವಿಸುವುದಿಲ್ಲ’ ಅನ್ನುವ ಉತ್ತರ ಪುಟಪುಟಕ್ಕೂ ಸಿಗುತ್ತದೆ. ಅದಕ್ಕೆ ಅಧಿಕಾರಿಗಳನ್ನು ಬೈದು ಏನೂ ಪ್ರಯೋಜನವಿಲ್ಲ. ಅನೇಕ ಸಲ ಪ್ರಶ್ನೆ ಕೇಳಿದ ರೀತಿಯೇ ಹಾಗಿರುತ್ತದೆ. ‘ಅ) ರಾಜ್ಯದ ಆರ್ಥಿಕ ಸ್ಥಿತಿ ಹದಗೆಟ್ಟಿದೆಯೇ? ಆ) ಹಾಗಿದ್ದಲ್ಲಿ, ಕಾರಣವೇನು?’ ಎಂದು ಕೇಳಿದರೆ, ‘ಅ) ಇಲ್ಲ. ಆ) ಉದ್ಭವಿಸುವುದಿಲ್ಲ’ ಎಂದೇ ಬರುತ್ತದೆ. ಇನ್ನೇನು ಬರಬೇಕು?

ಅದೇ ಸದಸ್ಯರು ಹೀಗೆ ಕೇಳಬಹುದಿತ್ತು. ಮಾರ್ಚ್ 31ಕ್ಕೆ ಗುತ್ತಿಗೆದಾರರಿಗೆ ಕೊಡಬೇಕಾದ ಬಾಕಿ ಇಲಾಖಾವಾರು ಎಷ್ಟು? ನಿಗಮ, ಮಂಡಳಿಗಳ ಸಾಲಕ್ಕೆ ಸರ್ಕಾರ ಕೊಟ್ಟ ಖಾತರಿ ಎಷ್ಟು? ಆ ಸಾಲಗಳಲ್ಲಿ ಅಸಲು, ಬಡ್ಡಿಯನ್ನು ಬಜೆಟ್ಟಿನಿಂದಲೇ ಕಟ್ಟುತ್ತಿರುವವು ಯಾವುವು? ಇಲ್ಲಿ ‘ಇಲ್ಲ’ ಎಂದು ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ಕೊನೆಯ ಪ್ರಶ್ನೆ ತುಂಬಾ ಮುಖ್ಯ. ಕರ್ನಾಟಕದ 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆ ಪ್ರಕಾರ ವಿತ್ತೀಯ ಕೊರತೆ (ವರ್ಷದ ಖರ್ಚಿನಲ್ಲಿ ಸಾಲ ಮಾಡಿ ತುಂಬಬೇಕಾದ ಭಾಗ) ರಾಜ್ಯದ ಒಟ್ಟು ಉತ್ಪನ್ನದ ಶೇ 3ರೊಳಗೆ, ಒಟ್ಟು ಹೊಣೆಗಾರಿಕೆ (ತೀರಿಸಬೇಕಾದ ಒಟ್ಟು ಸಾಲ) ಶೇ 25ರೊಳಗೆ ಇರಬೇಕು. ಇಂಥ ಮಿತಿ ಇದ್ದಾಗ ನಿಗಮದ ಹೆಸರಿನಲ್ಲಿ ಸಾಲ ತಂದು ಸರ್ಕಾರವೇ ತೀರಿಸುವ ಆಸೆ ಯಾವ ಸರ್ಕಾರಕ್ಕಾದರೂ ಬರುತ್ತದೆ. ಅದು ಬಜೆಟ್ ಭಾಷಣದಲ್ಲಿ ಎದ್ದು ಕಾಣುವುದಿಲ್ಲ. ಕೇಳಿದರೆ ನೇರವಾಗಿ ಹೊರಗೆ ಬರುತ್ತದೆ.

ಏನು ಬೇಕಾದರೂ ಕೇಳುವ ಹಾಗೂ ಇಲ್ಲ. ಲೋಕಸಭೆಯಲ್ಲಿ ಪ್ರಶ್ನೆ ಸಾಮಾನ್ಯವಾಗಿ 150 ಪದ ಮೀರಬಾರದು. ವಾದ, ವ್ಯಂಗ್ಯ, ಆರೋಪ ಬೆರೆಸಬಾರದು. ಸಚಿವರ ಸ್ವಂತ ಅಭಿಪ್ರಾಯ ಕೇಳಬಾರದು. ಕೋರ್ಟಿನಲ್ಲಿರುವ ವಿಷಯ ಎತ್ತಬಾರದು. ಒಪ್ಪುವುದು, ಬಿಡುವುದು ಸಭಾಧ್ಯಕ್ಷರ ಕೈಯಲ್ಲಿ. ಪ್ರಶ್ನೆಗೂ ಬೆಲೆ ಕಟ್ಟಿದವರಿದ್ದಾರೆ. ದುಡ್ಡು ಪಡೆದು ಪ್ರಶ್ನೆ ಕೇಳಿದ ಆರೋಪದಲ್ಲಿ 2005ರ ಡಿಸೆಂಬರ್‌ನಲ್ಲಿ 11 ಸಂಸದರನ್ನು ಹೊರಹಾಕಿದರು.

2020ರಲ್ಲಿ ಕೋವಿಡ್ ಕಾರಣಕ್ಕೆ ಸಂಸತ್ತಿನ ಮುಂಗಾರು ಅಧಿವೇಶನದಲ್ಲಿ ಪ್ರಶ್ನೋತ್ತರ ವೇಳೆಯನ್ನೇ ಕೈಬಿಟ್ಟರು. ಚುಕ್ಕೆ ಇಲ್ಲದ ಪ್ರಶ್ನೆಗಳಿಗೆ ಮಾತ್ರ ಉತ್ತರ ಬಂತು. ಅಂಕಿ ಸಿಕ್ಕಿತು, ಅದರ ಮೇಲೆ ತಿರುಗಿ ಕೇಳುವ ಅವಕಾಶ ಹೋಯಿತು. ಲಾಕ್‌ಡೌನಿನಿಂದ ಆರ್ಥಿಕತೆ ನೆಲ ಕಚ್ಚಿದ್ದ ಹೊತ್ತು ಅದು.

ಇನ್ನೊಂದು ಬಗೆಯ ಉತ್ತರ ಇದೆ. ‘ಪರಿಶೀಲನೆಯಲ್ಲಿದೆ’, ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’. ಇದು ಸುಮ್ನೆ ಹೇಳಿ ಮರೆಯುವ ಮಾತು ಅಂತ ಅನ್ನಿಸಬಹುದು. ಆದರೆ ಸಂಸತ್ತಿನಲ್ಲಿ ಇಂಥ ಉತ್ತರವನ್ನು ಭರವಸೆ ಎಂದೇ ಲೆಕ್ಕಕ್ಕೆ ಹಿಡಿಯುತ್ತಾರೆ. ಇದನ್ನು ನೋಡಿಕೊಳ್ಳಲು ಲೋಕಸಭೆಯಲ್ಲಿ 1953ರಿಂದ ಸರ್ಕಾರಿ ಭರವಸೆಗಳ ಸಮಿತಿ ಇದೆ, ಕರ್ನಾಟಕದಲ್ಲೂ ಅಂಥದೊಂದಿದೆ. ಲೋಕಸಭೆಯಲ್ಲಿ ಮೂರು ತಿಂಗಳ ಗಡುವು. ಆಗದಿದ್ದರೆ ಇಲಾಖೆ ಇನ್ನಷ್ಟು ಕಾಲ ಕೇಳಬೇಕು, ಸಮಿತಿ ಕಾರಣ ವಿಚಾರಿಸುತ್ತದೆ. ವರ್ಷಗಟ್ಟಲೆ ಎಳೆದ ಭರವಸೆಗಳೂ ಇವೆ. ಚುರುಕಾದ ಸದಸ್ಯರು ಅಷ್ಟು ದಿನ ಕಾಯುವುದಿಲ್ಲ. ಮುಂದಿನ ಅಧಿವೇಶನಕ್ಕೆ ಅದೇ ವಿಷಯದ ಮೇಲೆ, ಹಳೆಯ ಉತ್ತರದ ದಿನಾಂಕ ಹಾಕಿ, ಹೊಸ ನೋಟಿಸು ಕೊಡುತ್ತಾರೆ.