ರಾತ್ರಿ ಎರಡು ಗಂಟೆಗೆ ಅಮ್ಮನ ಬಳಿ ಯಾರಿರುತ್ತಾರೆ?

ಓದುಗರ ಪ್ರಶ್ನೆ: ನಮ್ಮ ತಾಯಿಗೆ 82 ವರ್ಷ. ಉಡುಪಿಯ ಸಮೀಪದ ಹಳ್ಳಿಮನೆಯಲ್ಲಿದ್ದಾರೆ. ಒಮ್ಮೆ ಬಿದ್ದ ಮೇಲೆ ಯಾರಾದರೂ ಹಿಡಿದುಕೊಳ್ಳದೆ ನಡೆಯಲಾರರು. ನಾನು ಮುಂಬಯಿಯಲ್ಲಿದ್ದೇನೆ, ತಮ್ಮ ದುಬೈಯಲ್ಲಿ. ಕೊರೊನಾ ಸಮಯದಲ್ಲಿ ಹೋಂ ನರ್ಸ್‌ಗಳು ಸಿಗದೆ, ವೃದ್ಧಾಶ್ರಮಗಳು ಬಾಗಿಲು ಹಾಕಿಕೊಂಡು, ಹಿರಿಯರು ಪಟ್ಟ ಪಾಡನ್ನು ನೋಡಿದ್ದೇವೆ. ಆಮೇಲೆ ಈ ಸೇವೆಗಳು ನಿಜವಾಗಿ ಸುಧಾರಿಸಿವೆಯೇ? ಸುಧಾರಿಸಿರುವ ಕಡೆಯನ್ನು ಗುರುತಿಸುವುದು ಹೇಗೆ?

ಉತ್ತರ: ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತುಗಳಲ್ಲಿ ಹಲವರು ಕೇಳಿದ್ದಾರೆ, ಕೇಳಿದವರಲ್ಲಿ ಹೆಚ್ಚಿನವರು ಊರು ಬಿಟ್ಟು ಹೋದ ಮಕ್ಕಳು. 2011ರ ಜನಗಣತಿಯಂತೆ ಉಡುಪಿ ಜಿಲ್ಲೆಯಲ್ಲಿ ಪ್ರತಿ 1,000 ಗಂಡಸರಿಗೆ 1,094 ಹೆಂಗಸರಿದ್ದರು ಎಂಬ ಲೆಕ್ಕವನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಆದರೆ ಆ ಅಂಕಿಯ ಹಿಂದೆ ಮುಂಬಯಿಗೂ ಗಲ್ಫಿಗೂ ಹೋದ ಗಂಡುಮಕ್ಕಳಿದ್ದಾರೆ, ಮನೆಯಲ್ಲಿ ಉಳಿದ ತಾಯಂದಿರೂ ಇದ್ದಾರೆ.

ನಿಮ್ಮ ಪ್ರಶ್ನೆಗೆ ನೇರವಾಗಿ ಹೇಳುವುದಾದರೆ, ಕಟ್ಟಡಗಳು, ಉಪಕರಣಗಳು, ಫೋನಿನಲ್ಲಿ ವೈದ್ಯರ ಸಲಹೆ ಪಡೆಯುವ ವ್ಯವಸ್ಥೆ ಇವೆಲ್ಲ ಮೊದಲಿಗಿಂತ ಚೆನ್ನಾಗಿವೆ. ಆರೈಕೆ ಮಾಡುವವರ ಸಂಖ್ಯೆ, ತರಬೇತಿ ಮತ್ತು ಸಂಬಳದಲ್ಲಿ ಅಷ್ಟು ಬದಲಾವಣೆ ನನಗೆ ಕಂಡಿಲ್ಲ. ಸಾಂಕ್ರಾಮಿಕದ ಕಾಲದಲ್ಲಿ ಎಲ್ಲಕ್ಕಿಂತ ಮೊದಲು ಕುಸಿದದ್ದು ಇದೇ ಆದ್ದರಿಂದ, ಮನೆಯಲ್ಲೇ ಇರಿಸಿಕೊಳ್ಳಿ, ಆಶ್ರಮಕ್ಕೆ ಸೇರಿಸಿ, ಸೇವೆಯನ್ನು ಅಳೆಯುವಾಗ ಮೊದಲು ನೋಡಬೇಕಾದದ್ದೂ ಇದನ್ನೇ.

ಆಗ ಏನಾಯಿತೆಂಬುದನ್ನು ನಮ್ಮ ಮನೆಯ ಒಂದು ಸಂಗತಿಯಿಂದಲೇ ಹೇಳುತ್ತೇನೆ. ಪಾರ್ಶ್ವವಾಯುವಾಗಿ ಹಾಸಿಗೆ ಹಿಡಿದಿದ್ದ ದೊಡ್ಡಮ್ಮನನ್ನು ಬಾಗಲಕೋಟೆ ಕಡೆಯ ಒಬ್ಬ ಹೋಂ ನರ್ಸ್ ಎರಡು ವರ್ಷದಿಂದ ನೋಡಿಕೊಳ್ಳುತ್ತಿದ್ದರು. ನಮಗೆ ಏಪ್ರಿಲ್‌ನ ಬಿಸು ದೊಡ್ಡದು, ಆಕೆಗೆ ಯುಗಾದಿ ದೊಡ್ಡದು. ನಾಲ್ಕು ದಿನದ ರಜೆ ಹಾಕಿ ಹಬ್ಬಕ್ಕೆಂದು ಊರಿಗೆ ಹೋದರು. 2020ರ ಯುಗಾದಿ ಬಂದದ್ದು ಮಾರ್ಚ್ 25ರಂದು, ದೇಶವೆಲ್ಲ ಲಾಕ್‌ಡೌನ್ ಆದ ದಿನವೇ. ಆಕೆ ಮರಳಿ ಬಂದದ್ದು ಜೂನ್‌ನಲ್ಲಿ. ಅಷ್ಟರೊಳಗೆ ದೊಡ್ಡಮ್ಮನ ಬೆನ್ನಿನ ಕೆಳಗೆ, ಸೊಂಟದ ಮೂಳೆಯ ಮೇಲೆ, ಅಂಗೈಯಗಲದ ಹುಣ್ಣಾಗಿತ್ತು. ನಾವು ಯಾರೂ ನಿರ್ಲಕ್ಷ್ಯ ಮಾಡಿದವರಲ್ಲ. ಗಂಜಿ ಹೊತ್ತಿಗೆ ಸರಿಯಾಗಿ ಕೊಡುತ್ತಿದ್ದೆವು, ಹೊದಿಕೆಯನ್ನು ದಿನವೂ ಒಗೆಯುತ್ತಿದ್ದೆವು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂದಾಗಲೀ, ಎಳೆಯದೆ ಎತ್ತಿ ಸರಿಸಬೇಕೆಂದಾಗಲೀ, ಒತ್ತಿದಾಗ ಬಣ್ಣ ಮಾಸದ ಕೆಂಪು ಕಲೆ ಕಂಡರೆ ಅದು ಹುಣ್ಣಿನ ಆರಂಭವೆಂದಾಗಲೀ ನಮಗೆ ಗೊತ್ತಿರಲಿಲ್ಲ. ಕಪ್ಪು ಮೈಬಣ್ಣದವರಲ್ಲಿ ಆ ಕೆಂಪೂ ಸರಿಯಾಗಿ ಕಾಣುವುದಿಲ್ಲ, ಕೈಯಿಟ್ಟು ಬಿಸಿ ಅಥವಾ ಗಡಸು ತಾಗುತ್ತದೆಯೇ ಎಂದು ನೋಡಬೇಕು. ಇದೆಲ್ಲ ಆ ಒಬ್ಬಾಕೆಯ ತಲೆಯಲ್ಲಿತ್ತು, ಕಾಗದದ ಮೇಲೆ ಎಲ್ಲಿಯೂ ಇರಲಿಲ್ಲ.

ಅದೇ ದಿನಗಳಲ್ಲಿ ತಲಪಾಡಿಯಲ್ಲಿ ಕೇರಳದ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿದರು, ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದ ಕಾಸರಗೋಡಿನ ರೋಗಿಗಳು ಆಂಬುಲೆನ್ಸ್‌ನಲ್ಲಿ ಬಂದರೂ ಹಿಂದಿರುಗಬೇಕಾಯಿತು. ವಿಷಯ ಹೈಕೋರ್ಟ್, ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ದೀರ್ಘಕಾಲದ ಆರೈಕೆ ಎಷ್ಟು ತೆಳುವಾದ ದಾರದಲ್ಲಿ ತೂಗುತ್ತಿತ್ತು ಎಂಬುದು ಆಗ ಕರಾವಳಿಗೆ ಅರ್ಥವಾಯಿತು.

ಶ್ರೀಮಂತ ದೇಶಗಳಲ್ಲಿ ಹೀಗಾಗಲಿಲ್ಲ ಎಂದುಕೊಳ್ಳಬೇಡಿ. ಕೆನಡಾದಲ್ಲಿ ಮೊದಲನೆಯ ಅಲೆಯಲ್ಲಿ ಕೋವಿಡ್‌ನಿಂದ ತೀರಿಕೊಂಡವರಲ್ಲಿ ಸುಮಾರು ಶೇ. 80ರಷ್ಟು ಮಂದಿ ವೃದ್ಧರ ಆರೈಕೆ ನಿವಾಸಗಳಲ್ಲಿದ್ದವರು. ಅಲ್ಲಿ ಕಂಡುಬಂದ ಕಾರಣಗಳು ನಮಗೂ ಪರಿಚಿತವೇ: ಕಡಿಮೆ ಸಂಬಳದಿಂದಾಗಿ ಒಬ್ಬ ಸಹಾಯಕಿ ಬೆಳಿಗ್ಗೆ ಒಂದು ನಿವಾಸದಲ್ಲಿ, ಸಂಜೆ ಇನ್ನೊಂದರಲ್ಲಿ ದುಡಿಯುತ್ತಿದ್ದದ್ದು, ಜ್ವರ ಬಂದರೂ ಸಂಬಳದ ರಜೆಯಿಲ್ಲದೆ ಕೆಲಸಕ್ಕೆ ಬರುತ್ತಿದ್ದದ್ದು, ಒಂದೇ ಕೋಣೆಯಲ್ಲಿ ನಾಲ್ಕು ಹಾಸಿಗೆಗಳಿದ್ದದ್ದು. ಬಳಿಕ 2023ರ ಜನವರಿಯಲ್ಲಿ ಆ ದೇಶ ಇಂತಹ ನಿವಾಸಗಳಿಗಾಗಿ ಹೊಸ ರಾಷ್ಟ್ರೀಯ ಮಾನದಂಡಗಳನ್ನು ಹೊರತಂದಿತು. ಅದಕ್ಕೂ ಮೊದಲೇ, 2021ರಲ್ಲಿ, ಒಂಟಾರಿಯೊ ಪ್ರಾಂತ್ಯವು ಪ್ರತಿ ನಿವಾಸಿಗೆ ದಿನಕ್ಕೆ ಸರಾಸರಿ ನಾಲ್ಕು ಗಂಟೆಯ ನೇರ ಆರೈಕೆ ಎಂಬ ಗುರಿಯನ್ನು ಕಾನೂನಿನಲ್ಲೇ ಸೇರಿಸಿತು.

ಈ ನಾಲ್ಕು ಗಂಟೆಯ ಲೆಕ್ಕವನ್ನು ನಮ್ಮೂರಿನ ಆಶ್ರಮವೊಂದಕ್ಕೆ ಹಚ್ಚಿ ನೋಡೋಣ. ಮೂವತ್ತು ಮಂದಿ ಹಿರಿಯರಿದ್ದಾರೆ ಎಂದಿಟ್ಟುಕೊಂಡರೆ ದಿನಕ್ಕೆ 120 ಗಂಟೆಯ ಕೆಲಸವಾಯಿತು. ಎಂಟು ಗಂಟೆಯ ಪಾಳಿಯಲ್ಲಿ ದುಡಿಯುವವರು ದಿನಕ್ಕೆ ಹದಿನೈದು ಮಂದಿ ಬೇಕು, ಅಡುಗೆಯವರನ್ನೂ ಗುಡಿಸುವವರನ್ನೂ ಬಿಟ್ಟು. ಎಲ್ಲರೂ ಎದ್ದು ಓಡಾಡುವ ಕಡೆ ಅಷ್ಟು ಬೇಕಾಗಲಿಕ್ಕಿಲ್ಲ, ಅಷ್ಟನ್ನು ಕೊಡುವ ಶಕ್ತಿಯೂ ನಮ್ಮಲ್ಲಿ ಹೆಚ್ಚಿನ ಸಂಸ್ಥೆಗಳಿಗಿಲ್ಲ. ಆದರೂ ನಿಮಗೆ ತೋರಿಸುವ ಆಶ್ರಮದಲ್ಲಿ ಹಾಸಿಗೆ ಹಿಡಿದವರೇ ಹತ್ತು ಮಂದಿಯಿದ್ದು, ರಾತ್ರಿ ಒಬ್ಬರೇ ಆಯಾ ಇರುವರೆಂದಾದರೆ, ಗೋಡೆಯ ಟೈಲ್ಸ್ ಎಷ್ಟೇ ಹೊಳೆಯಲಿ, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಕೆಲಸ ಅಲ್ಲಿ ನಡೆಯುವುದಿಲ್ಲವೆಂದು ಧಾರಾಳವಾಗಿ ತಿಳಿಯಬಹುದು. ಆದ್ದರಿಂದ ನಾನು ಎಲ್ಲರಿಗೂ ಮೊದಲು ಕೇಳಲು ಹೇಳುವ ಮಾತು, ರಾತ್ರಿ ಎರಡು ಗಂಟೆಗೆ ಎಚ್ಚರವಿರುವವರು ಎಷ್ಟು ಮಂದಿ ಎಂಬುದು. ಸಾಧ್ಯವಾದರೆ ಹಗಲಿನ ಭೇಟಿಯಲ್ಲದೆ ರಾತ್ರಿ ಊಟವಾದ ಮೇಲೊಮ್ಮೆ ಹೋಗಿ ನೋಡಬೇಕು.

ಎರಡನೆಯದು, ಕೆಲಸದವರು ಎಷ್ಟು ಕಾಲದಿಂದ ಅಲ್ಲಿದ್ದಾರೆ ಎಂಬುದು. ಇದನ್ನು ವ್ಯವಸ್ಥಾಪಕರ ಬಳಿ ಕೇಳುವುದಕ್ಕಿಂತ ಆಯಾಗಳ ಬಳಿಯೇ ಮಾತಿಗೆ ಮಾತು ಬೆಳೆಸಿ ಕೇಳುವುದು ಒಳ್ಳೆಯದು. ಜ್ವರ ಬಂದಾಗ ರಜೆ ಹಾಕಿದರೆ ಸಂಬಳ ಹಿಡಿಯುತ್ತಾರೆಯೇ ಎಂದೂ ವಿಚಾರಿಸಿ. ಸಂಬಳ ಹಿಡಿಯುವ ಕಡೆ ಕೆಮ್ಮುತ್ತಲೇ ಕೆಲಸಕ್ಕೆ ಬರುತ್ತಾರೆ, ಬಾಗಿಲಲ್ಲಿಟ್ಟ ಸ್ಯಾನಿಟೈಸರ್ ಬಾಟಲಿ ಅದನ್ನು ತಡೆಯುವುದಿಲ್ಲ. ಗಾಳಿಯ ವಿಷಯವೂ ಹೀಗೆಯೇ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇರಚಲಿಗೆ ಹೆದರಿ ಕಿಟಕಿ ಮುಚ್ಚುತ್ತಾರೆ, ಎಲ್ಲರೂ ಒಂದೇ ಹಾಲಿನಲ್ಲಿ ಟಿ.ವಿ. ಮುಂದೆ ಕೂರುತ್ತಾರೆ. ಕೋವಿಡ್ ಇರಲಿ, ಫ್ಲೂ ಇರಲಿ, ಹಬ್ಬುವುದಕ್ಕೆ ಅಷ್ಟೇ ಸಾಕು. ಎಕ್ಸಾಸ್ಟ್ ಫ್ಯಾನ್ ಇದೆಯೇ, ಅದು ತಿರುಗುತ್ತದೆಯೇ ಎಂದು ಮಳೆಗಾಲದಲ್ಲೇ ನೋಡಬೇಕು. ವರ್ಷಕ್ಕೊಮ್ಮೆ ಫ್ಲೂ ಲಸಿಕೆಯನ್ನೂ, ವೈದ್ಯರು ಹೇಳಿದಂತೆ ನ್ಯುಮೋನಿಯಾ ತಡೆಯುವ ನ್ಯುಮೋಕಾಕಲ್ ಲಸಿಕೆಯನ್ನೂ ತಾಯಿಗೆ ಕೊಡಿಸುವುದಲ್ಲದೆ, ಆರೈಕೆ ಮಾಡುವವರಿಗೂ ಫ್ಲೂ ಲಸಿಕೆಯನ್ನಾದರೂ ಕೊಡಿಸುವ ಪದ್ಧತಿ ಇದೆಯೇ ಎಂಬುದು ಸುಧಾರಣೆಯ ಒಳ್ಳೆಯ ಗುರುತು.

ಭಾಷೆಯ ಬಗ್ಗೆ ಯಾರೂ ಕೇಳುವುದಿಲ್ಲ, ನಾನು ಕೇಳಿ ಎನ್ನುತ್ತೇನೆ. ಮರೆವು ಹೆಚ್ಚಿದಂತೆ ಹಿರಿಯರು ಆಮೇಲೆ ಕಲಿತ ಭಾಷೆಯನ್ನು ಬಿಟ್ಟು ಮನೆಮಾತಿಗೆ ಮರಳುವುದು ಸಾಮಾನ್ಯ. ತುಳು ಮಾತನಾಡುವ ಅಜ್ಜಿಯೊಬ್ಬರು "ಬಡವು ಆಪುಂಡು" ಎಂದು ಮೂರು ಬಾರಿ ಹೇಳಿದಾಗ, ಘಟ್ಟದ ಮೇಲಿನಿಂದ ಬಂದ ಹುಡುಗಿ ಅಜ್ಜಿ ತಮ್ಮ ಬಡತನದ ಕಥೆ ಹೇಳುತ್ತಿದ್ದಾರೆಂದು ತಿಳಿದು ಸಮಾಧಾನ ಮಾಡುತ್ತಿದ್ದುದನ್ನು ಕಣ್ಣಾರೆ ಕಂಡಿದ್ದೇನೆ. ಅಜ್ಜಿ ಹೇಳುತ್ತಿದ್ದದ್ದು ಹಸಿವಾಗುತ್ತಿದೆ ಎಂದು. ಹುಡುಗಿಯ ತಪ್ಪು ಅದರಲ್ಲಿ ಏನೂ ಇಲ್ಲ. ಹಸಿವು, ಬಾಯಾರಿಕೆ, ನೋವು, ಮೂತ್ರ ಇಷ್ಟಕ್ಕೆ ಮನೆಮಾತಿನ ಹತ್ತು ಪದಗಳನ್ನು ಒಂದು ಚೀಟಿಯಲ್ಲಿ ಬರೆದು ಹಾಸಿಗೆಯ ತಲೆದೆಸೆಯ ಗೋಡೆಗೆ ಅಂಟಿಸಿದರೆ ಮುಗಿಯಿತು.

ಬಾಗಿಲು ಮುಚ್ಚಿದ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯ ಒಳಗಿನ ಭಯ ಅದೇ ಎಂದು ತೋರುತ್ತದೆ. ಸೋಂಕಿನಿಂದ ರಕ್ಷಿಸಲೆಂದು ಬಾಗಿಲು ಹಾಕಿದಾಗ ಹಿರಿಯರು ಊಟ ಬಿಟ್ಟರು, ಮಾತು ಬಿಟ್ಟರು, ನಡೆಯುತ್ತಿದ್ದವರು ಹಾಸಿಗೆ ಹಿಡಿದರು. ಆರೋಗ್ಯವಾಗಿರುವ ವೃದ್ಧರೇ ಹತ್ತು ದಿನ ಪೂರ್ತಿ ಮಲಗಿದ್ದರೆ ಕಾಲಿನ ಮಾಂಸಖಂಡ ಸುಮಾರು ಒಂದು ಕಿಲೋದಷ್ಟು ಕರಗುತ್ತದೆ. ತಿಂಗಳುಗಟ್ಟಲೆ ಕೋಣೆಯಲ್ಲಿ ಕುಳಿತವರ ಪಾಡನ್ನು ಊಹಿಸಬಹುದು. ದೇಶದಲ್ಲಿ 60 ದಾಟಿದವರಲ್ಲಿ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆಯೆಂಬ ಅಂದಾಜಿದೆ. ಅಂಥವರಿಗೆ ವಿಡಿಯೋ ಕಾಲ್‌ನಲ್ಲಿ ಕಾಣುವ ಮುಖ ಮಗನದ್ದೆಂದು ಹೊಳೆಯುವುದೇ ಕಷ್ಟ. ಆದ್ದರಿಂದ ಮುಂದೆ ಇಂತಹ ಪರಿಸ್ಥಿತಿ ಬಂದರೂ, ಮನೆಯವರು ಹೆಸರಿಸಿದ ಒಬ್ಬರನ್ನು ಮಾಸ್ಕ್ ಮತ್ತಿತರ ನಿಯಮಗಳೊಂದಿಗೆ ಆರೈಕೆಯ ಪಾಲುದಾರರೆಂದು ಒಳಗೆ ಬಿಡಲಾಗುವುದು ಎಂಬ ಒಂದು ಸಾಲನ್ನು ಸೇರ್ಪಡೆಯ ಕರಾರಿನಲ್ಲೇ ಬರೆಸಿಕೊಳ್ಳಿ. ಬರೆದುಕೊಡಲು ಹಿಂದೇಟು ಹಾಕುವ ಸಂಸ್ಥೆ ಬೇರೆಲ್ಲ ವಿಷಯದಲ್ಲಿ ಚೆನ್ನಾಗಿದ್ದರೂ ನಾನಾದರೆ ಎರಡು ಬಾರಿ ಯೋಚಿಸುತ್ತೇನೆ.

ಇನ್ನು ಮನೆಯಲ್ಲೇ ಆರೈಕೆ. ನಮ್ಮಲ್ಲಿ ಹೋಂ ನರ್ಸ್ ಎಂದು ಕರೆಯುವವರಲ್ಲಿ ನರ್ಸಿಂಗ್ ಓದಿದವರು ಕಡಿಮೆ, ಕೆಲವರು ಕೆಲವು ತಿಂಗಳ ತರಬೇತಿ ಪಡೆದವರು, ಹಲವರು ಕೆಲಸ ಮಾಡುತ್ತಲೇ ಕಲಿತವರು. ಸ್ನಾನ, ಊಟ, ನಡೆದಾಟಕ್ಕೆ ಅನುಭವಸ್ಥರು ಸಾಕು. ಮೂಗಿನ ನಳಿಕೆ, ಕ್ಯಾಥೆಟರ್, ಹುಣ್ಣಿನ ಡ್ರೆಸ್ಸಿಂಗ್ ಇದ್ದರೆ ನೋಂದಾಯಿತ ನರ್ಸ್ ವಾರಕ್ಕೆ ಒಂದೆರಡು ಬಾರಿಯಾದರೂ ಬಂದು ನೋಡಬೇಕು. ಏಜೆನ್ಸಿಯವರ ಬಳಿ ಒಬ್ಬರ ಬದಲಿಗೆ ಇಬ್ಬರನ್ನು ಪರಿಚಯಿಸಲು ಹೇಳಿ, ತಿಂಗಳಲ್ಲಿ ನಾಲ್ಕು ದಿನ ಎರಡನೆಯವರು ಬರಲಿ. ಖರ್ಚು ಸ್ವಲ್ಪ ಏರುತ್ತದೆ, ಆದರೆ ಮೊದಲನೆಯವರಿಗೆ ಸರಿಯಾದ ರಜೆ ಸಿಗುತ್ತದೆ, ಅವರು ಊರಿಗೆ ಹೋದಾಗ ಮನೆ ಕುಸಿಯುವುದಿಲ್ಲ. ನಮ್ಮ ದೊಡ್ಡಮ್ಮನ ಕೋಣೆಯಲ್ಲಿ ಆಮೇಲೆ ಇಟ್ಟದ್ದು ಒಂದು ಇನ್ನೂರು ಪುಟದ ನೋಟ್‌ಬುಕ್. ಎಡಪುಟದಲ್ಲಿ ಮಾತ್ರೆ, ಮಗ್ಗುಲು ಬದಲಿಸಿದ ಹೊತ್ತು, ಮಲಮೂತ್ರ. ಬಲಪುಟದಲ್ಲಿ ಆ ದಿನ ಏನು ಹೊಸದಾಗಿ ಕಂಡಿತು ಎಂಬುದು. ನಿಮ್ಮಲ್ಲೂ ಇಂಥ ಪುಟದ ಫೋಟೋ ದಿನಕ್ಕೊಂದು ವಾಟ್ಸ್‌ಆ್ಯಪ್‌ನಲ್ಲಿ ಬಂದರೆ ದುಬೈಯಲ್ಲಿರುವ ನಿಮ್ಮ ತಮ್ಮನಿಗೂ ಮನೆಯ ಸ್ಥಿತಿ ತಿಳಿಯುತ್ತದೆ, ಕೋಣೆಯಲ್ಲಿ ಕ್ಯಾಮೆರಾ ಇಟ್ಟು ಹೋಂ ನರ್ಸ್ ಮೇಲೂ ಅಮ್ಮನ ಮೇಲೂ ಕಣ್ಣಿಡುವ ಅಗತ್ಯ ಬೀಳುವುದಿಲ್ಲ.

ಮನೆಯನ್ನೂ ಸ್ವಲ್ಪ ತಿದ್ದಬೇಕು. ಬಚ್ಚಲು ಹೊರಗಿರುವ ಹಳೆಯ ಹಂಚಿನ ಮನೆಯಾದರೆ, ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳ ದಾಟಿಸುವ ಸಾಹಸ ಬೇಡ, ಕೋಣೆಯಲ್ಲೇ ಕಮೋಡ್ ಕುರ್ಚಿ ಇಡಿ. ತೆಂಗಿನ ಮಡಲು ಹಾಸಿದರೆ ನಮಗೆ ಜಾರುವುದಿಲ್ಲ, ವಾಕರ್ ಹಿಡಿದವರಿಗೆ ಅದೇ ತೊಡರು. ಫಿಸಿಯೋಥೆರಪಿಸ್ಟ್ ವಾರಕ್ಕೊಮ್ಮೆ ಬಂದು, ದಿನವೂ ಮಾಡಿಸಬೇಕಾದದ್ದನ್ನು ಹೋಂ ನರ್ಸ್‌ಗೆ ಕಲಿಸಿಕೊಡಲಿ. ಫೋನಿನಲ್ಲಿ ವೈದ್ಯರನ್ನು ಕಾಣುವುದಕ್ಕೆ ಸ್ಪಷ್ಟ ನಿಯಮಾವಳಿ ಬಂದದ್ದೂ ಕಾಕತಾಳೀಯವಾಗಿ ಅದೇ 2020ರ ಮಾರ್ಚ್ 25ರಂದು. ಸಣ್ಣಪುಟ್ಟ ವಿಷಯಕ್ಕೆಲ್ಲ ಮಣಿಪಾಲಕ್ಕೋ ಮಂಗಳೂರಿಗೋ ಕಾರಿನಲ್ಲಿ ಮಲಗಿಸಿಕೊಂಡು ಹೋಗುವ ಕಷ್ಟ ಇದರಿಂದ ತಪ್ಪಿದೆ.

ಹಣದ ಬಗ್ಗೆ ಹೇಳಲು ಹೆಚ್ಚಿಲ್ಲ. 70 ದಾಟಿದವರೆಲ್ಲರಿಗೂ ವಿಸ್ತರಿಸುವುದಾಗಿ ಕೇಂದ್ರ ಸರ್ಕಾರ 2024ರಲ್ಲಿ ಘೋಷಿಸಿದ ಆಯುಷ್ಮಾನ್ ಯೋಜನೆಯ 5 ಲಕ್ಷ ರೂಪಾಯಿ ಆಸ್ಪತ್ರೆಗೆ ದಾಖಲಾದಾಗಿನ ಚಿಕಿತ್ಸೆಗೆ, ಹೋಂ ನರ್ಸ್ ಸಂಬಳಕ್ಕಲ್ಲ. ಮಕ್ಕಳು ನೋಡಿಕೊಳ್ಳದಿದ್ದಾಗ 2007ರ ಪಾಲಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು, ಅದರಲ್ಲಿ ಜೀವನಾಂಶದ ಮಿತಿ ತಿಂಗಳಿಗೆ 10,000 ರೂಪಾಯಿ. ಪೂರ್ಣಕಾಲದ ಆರೈಕೆಗೆ ಅದು ಎಲ್ಲಿಗೂ ಸಾಲದು. ಮಾಹಿತಿಗಾಗಿ ಹಿರಿಯರ ಸಹಾಯವಾಣಿ 14567 ಇದೆ.

ನನ್ನನ್ನು ಕೇಳಿದರೆ ನಿಜವಾದ ಸುಧಾರಣೆ ಬರಬೇಕಾದದ್ದು ಪಂಚಾಯತ್ ಮಟ್ಟದಲ್ಲಿ. ತಲಪಾಡಿ ದಾಟಿದರೆ ಸಿಗುವ ಕೇರಳದಲ್ಲಿ 2008ರಲ್ಲೇ ಉಪಶಾಮಕ ಆರೈಕೆಯ, ಅಂದರೆ ಗುಣವಾಗದ ಕಾಯಿಲೆಯಲ್ಲೂ ನೋವು ಕಡಿಮೆ ಮಾಡಿ ನೋಡಿಕೊಳ್ಳುವ ಪ್ಯಾಲಿಯೇಟಿವ್ ಕೇರ್‌ನ, ನೀತಿ ಬಂತು. ಸ್ಥಳೀಯ ಸಂಸ್ಥೆಗಳ ಬೆಂಬಲದಿಂದ ನರ್ಸ್‌ಗಳು ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುತ್ತಾರೆ, ಜೊತೆಗೆ ನೆರೆಕರೆಯ ಸ್ವಯಂಸೇವಕರೂ ಇರುತ್ತಾರೆ. ನರ್ಸಿಂಗ್ ಕಾಲೇಜುಗಳಿಗೆ ಹೆಸರಾದ ಉಡುಪಿ, ದಕ್ಷಿಣ ಕನ್ನಡ ಎಂಬ ನಮ್ಮ ಎರಡು ಜಿಲ್ಲೆಗಳಲ್ಲಿ ಅದು ಆ ಪ್ರಮಾಣದಲ್ಲಿ ಬೆಳೆಯದಿರುವುದು ನನಗೆ ಸೋಜಿಗವೇ.

ಕೊನೆಗೆ, ನಿಮ್ಮ ಪತ್ರದಲ್ಲಿ ಅಮ್ಮ ಏನು ಹೇಳುತ್ತಾರೆ ಎಂಬುದೇ ಇಲ್ಲ. ಎಲ್ಲಿರಬೇಕು ಎಂಬುದನ್ನೂ, ಕಾಯಿಲೆ ಗುಣವಾಗದ ಹಂತಕ್ಕೆ ಬಂದರೆ ಐಸಿಯು, ವೆಂಟಿಲೇಟರ್ ಬೇಕೇ ಬೇಡವೇ ಎಂಬುದನ್ನೂ ಅವರೊಡನೆ ಈಗಲೇ ಮಾತನಾಡಿ. ಅವರು ಬಯಸಿದರೆ ಇಬ್ಬರು ಸಾಕ್ಷಿಗಳ ಎದುರು ಬರೆದು ನೋಟರಿಯಿಂದ ದೃಢೀಕರಿಸಿಡಲು ಸುಪ್ರೀಂ ಕೋರ್ಟ್ 2023ರಲ್ಲಿ ದಾರಿ ಸರಳಗೊಳಿಸಿದೆ, ಕರ್ನಾಟಕ ಸರ್ಕಾರವೂ 2025ರ ಜನವರಿಯಲ್ಲಿ ಈ ಕುರಿತು ಸುತ್ತೋಲೆ ಹೊರಡಿಸಿದೆ. ಆಶ್ರಮದ ಕಡೆಗೆ ಅವರ ಮನಸ್ಸು ಅರ್ಧವಾದರೂ ಇದ್ದರೆ, ಅಲ್ಪಾವಧಿಗೆ ಸೇರಿಸಿಕೊಳ್ಳುವ ಕಡೆ ಜುಲೈ-ಆಗಸ್ಟ್‌ನಲ್ಲಿ ಬರುವ ಆಟಿ ತಿಂಗಳಲ್ಲಿ ಹದಿನೈದು ದಿನ ಇರಿಸಿ ನೋಡಿ, ನೀವೂ ರಜೆ ಹಾಕಿ ಊರಿಗೆ ಬನ್ನಿ. ಮಳೆ ಬಿಡದೆ ಹೊಯ್ಯುವಾಗ, ಕರೆಂಟ್ ಹೋದಾಗ, ಆಯಾಗಳಲ್ಲಿ ಇಬ್ಬರು ಜ್ವರವೆಂದು ಬಾರದಿದ್ದಾಗ ಅಲ್ಲಿ ಏನಾಗುತ್ತದೆಂದು ಆ ಹದಿನೈದು ದಿನದಲ್ಲಿ ಗೊತ್ತಾಗುತ್ತದೆ. ಹದಿನಾರನೆಯ ದಿನ ಅಮ್ಮನ ಬೆನ್ನನ್ನೂ ಹಿಮ್ಮಡಿಯನ್ನೂ ನೀವೇ ಬೆಳಕಿನಲ್ಲಿ ನೋಡಿ, ಆಮೇಲೆ ಅವರನ್ನೇ ಕೇಳಿ.