ರಾಜಿ ಅಂದರೆ ಮರೆತುಬಿಡುವುದಲ್ಲ

ಜುಲೈ 18 ದಕ್ಷಿಣ ಆಫ್ರಿಕಾದ ನಾಯಕ ನೆಲ್ಸನ್ ಮಂಡೇಲಾ ಹುಟ್ಟಿದ ದಿನ. ಪ್ರತಿ ವರ್ಷ ಅವತ್ತು ಬೆಳಗ್ಗೆಯಿಂದಲೇ ಮೆಸೇಜುಗಳು ಶುರು. 27 ವರ್ಷ ಜೈಲಿನಲ್ಲಿಟ್ಟವರನ್ನೇ ಕ್ಷಮಿಸಿದ ದೊಡ್ಡ ಮನುಷ್ಯ ಅಂತ. ಮಾತು ನಿಜವೇ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅವರು ಮಾಡಿದ ಕಷ್ಟದ ಕೆಲಸ ಕಾಣುವುದೇ ಇಲ್ಲ.

ನಾನು ವಕೀಲ. ಕೋರ್ಟಿನ ಮಧ್ಯಸ್ಥಿಕೆ ಕೇಂದ್ರದಲ್ಲಿ ರಾಜಿ ಮಾಡಿಸುವ ಕೆಲಸವನ್ನೂ ಮಾಡುತ್ತೇನೆ. ಪಾಲಿನ ದಾವೆ ಬಂದಾಗ ಜೊತೆಗೆ ಬಂದ ಹಿರಿಯರು ಮೊದಲು ಹೇಳುವುದೇ, "ಆಗಿದ್ದು ಆಗಿ ಹೋಯ್ತು, ಮರ್ತುಬಿಡ್ರಪ್ಪ." ಹಾಗೆ ಅವಸರದಲ್ಲಿ ಸಹಿ ಹಾಕಿಸಿದ ರಾಜಿ ಜಾಸ್ತಿ ದಿನ ಬಾಳುವುದಿಲ್ಲ. ಅನ್ಯಾಯವಾದವರು ಎಷ್ಟೋ ಸಲ ಗುಂಟೆ ಲೆಕ್ಕಕ್ಕಿಂತ ಮೊದಲು ಕೇಳುವುದು, "ಏನು ಮಾಡಿದೆ ಅಂತ ಅವನ ಬಾಯಲ್ಲೇ ಹೇಳ್ಲಿ." ಅಣ್ಣತಮ್ಮಂದಿರ ಜಗಳವನ್ನು ದಕ್ಷಿಣ ಆಫ್ರಿಕಾದ ಬಿಳಿಯರ ಸರ್ಕಾರ ಕರಿಯರ ಮೇಲೆ ನಡೆಸಿದ ವರ್ಣಭೇದದ ಕ್ರೌರ್ಯದ ಜೊತೆ ತೂಗಲು ಆಗುವುದಿಲ್ಲ. ಆದರೂ ನೊಂದವರ ಈ ಬೇಡಿಕೆ ಎರಡೂ ಕಡೆ ಒಂದೇ.

ದಕ್ಷಿಣ ಆಫ್ರಿಕಾ 1995ರಲ್ಲಿ ಈ ಬೇಡಿಕೆಯನ್ನೇ ಕಾನೂನು ಮಾಡಿತು. ಅದರಡಿ ಹುಟ್ಟಿದ್ದು ಸತ್ಯ ಮತ್ತು ಸಾಮರಸ್ಯ ಆಯೋಗ. ಆರ್ಚ್‌ಬಿಷಪ್ ಡೆಸ್ಮಂಡ್ ಟುಟು ಅಧ್ಯಕ್ಷರು. ವರ್ಣಭೇದ ಕಾಲದ ಅಪರಾಧಗಳಿಗೆ ಅದು ಕೊಡುತ್ತಿದ್ದ ಕ್ಷಮಾದಾನ, ಅಂದರೆ ಕೇಸಿನಿಂದ ಬಿಡುಗಡೆ, ಪುಕ್ಕಟೆ ಇರಲಿಲ್ಲ. ಪ್ರತಿಯೊಬ್ಬರೂ ತಾವೇ ಅರ್ಜಿ ಹಾಕಬೇಕು. ಅಪರಾಧ ರಾಜಕೀಯ ಉದ್ದೇಶದ್ದಾಗಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನಡೆದದ್ದನ್ನು ಪೂರ್ತಿ ಹೇಳಬೇಕು. ವಿಚಿತ್ರ ಅಂದರೆ, ಪಶ್ಚಾತ್ತಾಪ ಪಡಬೇಕು ಅಂತ ಕಾನೂನು ಕೇಳಲಿಲ್ಲ. ಇದು ಸರಿಯಾದ ತೀರ್ಮಾನ ಅಂತಲೇ ನನ್ನ ಅನಿಸಿಕೆ. ಬಲವಂತದ "ಸಾರಿ" ನೊಂದವರಿಗೆ ಇನ್ನೊಂದು ಏಟು. ನಡೆದದ್ದೇನು ಅನ್ನುವುದನ್ನಾದರೆ ಪರೀಕ್ಷಿಸಿ ನೋಡಬಹುದು, ಅಲ್ವಾ?

1997ರಲ್ಲಿ ಕೇಪ್‌ಟೌನ್‌ನಲ್ಲಿ ಜೆಫ್ರಿ ಬೆನ್ಜಿನ್ ಎಂಬ ಪೊಲೀಸ್ ಅಧಿಕಾರಿಯ ವಿಚಾರಣೆ ನಡೆಯಿತು. ಬಂಧಿಗಳ ಮುಖಕ್ಕೆ ಒದ್ದೆ ಚೀಲ ಬಿಗಿದು ಉಸಿರುಗಟ್ಟಿಸುತ್ತಿದ್ದವನು. ಆ ಹಿಂಸೆ ಅನುಭವಿಸಿದ್ದ ಟೋನಿ ಯೆಂಗೆನಿ ಆಗ ಸಂಸದರಾಗಿದ್ದರು. ಹೇಗೆ ಮಾಡುತ್ತಿದ್ದೆ, ಇಲ್ಲೇ ಮಾಡಿ ತೋರಿಸು ಎಂದು ಎದುರಿಗೇ ಕೇಳಿದರು. ನೆಲದ ಮೇಲೆ ಮಲಗಿದ ಸ್ವಯಂಸೇವಕನೊಬ್ಬನ ಬೆನ್ನೇರಿ ಬೆನ್ಜಿನ್ ತೋರಿಸಿದ. ಮುಂದೆ ಅವನಿಗೆ ಕ್ಷಮಾದಾನವೂ ಸಿಕ್ಕಿತು. ಓದಿದಾಗ ಹೊಟ್ಟೆ ಉರಿಯುತ್ತದೆ. ಆದರೆ ಆ ಹಿಂಸೆ ನಡೆದೇ ಇಲ್ಲ ಅಂತ ಆಮೇಲೆ ಯಾರೂ ಹೇಳುವಂತಿರಲಿಲ್ಲ.

ಬಂದದ್ದು ಏಳು ಸಾವಿರಕ್ಕೂ ಹೆಚ್ಚು ಅರ್ಜಿ. ಬಹುಪಾಲು ತಿರಸ್ಕಾರವಾದವು. ಪೊಲೀಸ್ ವಶದಲ್ಲಿ ಸತ್ತ ಕರಿಯರ ನಾಯಕ ಸ್ಟೀವ್ ಬಿಕೊ ಪ್ರಕರಣದ ಪೊಲೀಸರಿಗೂ ಕ್ಷಮಾದಾನ ಸಿಗಲಿಲ್ಲ.

ಇನ್ನು ಮಂಡೇಲಾ ಅವರ ಪರೀಕ್ಷೆ. 1998ರ ಅಕ್ಟೋಬರ್ 29ಕ್ಕೆ ಆಯೋಗದ ವರದಿ ಆಗ ದೇಶದ ಅಧ್ಯಕ್ಷರಾಗಿದ್ದ ಅವರ ಕೈಗೆ ಬರಬೇಕಿತ್ತು. ಹೋರಾಟದ ಕಾಲದಲ್ಲಿ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ ಕೂಡ ಹಕ್ಕುಗಳನ್ನು ತುಳಿದಿದೆ ಅಂತ ಅದರಲ್ಲಿತ್ತು. ಅದು ಅವರದೇ ಪಕ್ಷ. ವರದಿ ತಡೆಯಲು ಪಕ್ಷ ಕೋರ್ಟಿಗೆ ಹೋಯಿತು, ಸೋತಿತು. ಅದೇ ದಿನ ಮಂಡೇಲಾ ವರದಿಯನ್ನು ಇದ್ದಂತೆಯೇ ಸ್ವೀಕರಿಸಿದರು. ನನಗೆ ಅವರ ಪ್ರಜಾಪ್ರಭುತ್ವ ಕಾಣುವುದು ಇಲ್ಲೇ.

ನೋವಿನ ಸಂಗತಿ ಆಮೇಲಿನದು. ನೊಂದವರಿಗೆ ವರ್ಷವರ್ಷವೂ ಪರಿಹಾರ ಕೊಡಿ, ಆರು ವರ್ಷ ಕೊಡಿ ಅಂತ ಆಯೋಗ ಹೇಳಿತ್ತು. ಸರ್ಕಾರ 2003ರಲ್ಲಿ ಒಂದೇ ಸಲ 30,000 ರ್ಯಾಂಡ್ ಕೊಡಲು ತೀರ್ಮಾನಿಸಿತು. ಕ್ಷಮಾದಾನ ಸಿಗದವರ ಮೇಲೆ ಕೇಸು ನಡೆಸಬೇಕಿತ್ತು. ಬೆರಳೆಣಿಕೆಯಷ್ಟು ನಡೆದವು.

ವರ್ಣಭೇದದ ವಿರುದ್ಧ ಹೋರಾಡುತ್ತಿದ್ದ ಫೋರ್ಟ್ ಕಲಾಟಾ ಮತ್ತು ಮೂವರು ಸಂಗಾತಿಗಳನ್ನು 1985ರ ಜೂನ್‌ನಲ್ಲಿ ಭದ್ರತಾ ಪೊಲೀಸರು ಕೊಂದರು. 1996ರ ಏಪ್ರಿಲ್‌ನಲ್ಲಿ ಆಯೋಗದ ಮೊದಲ ವಿಚಾರಣೆಗಳು ಈಸ್ಟ್ ಲಂಡನ್ ನಗರದಲ್ಲಿ ನಡೆದಾಗ, ಕಲಾಟಾ ಅವರ ಹೆಂಡತಿ ನೊಮೊಂಡೆ ಸಾಕ್ಷಿ ಹೇಳುತ್ತಾ ಚೀರಿ ಅತ್ತರು. ಈ ಕೊಲೆಗಳಿಗಾಗಿ ಅರ್ಜಿ ಹಾಕಿದ್ದ ಆರು ಪೊಲೀಸರಿಗೆ ಕ್ಷಮಾದಾನ ನಿರಾಕರಣೆಯಾಯಿತು. ಅವರ ಮೇಲೆ ಕೇಸು ನಡೆಯಲಿಲ್ಲ. 2025ರ ಜೂನ್‌ನಲ್ಲಿ ಸಾವಿನ ತನಿಖೆ ಕೋರ್ಟಿನಲ್ಲಿ ಮತ್ತೆ ತೆರೆಯಿತು. ನಾಲ್ಕೂ ಮನೆಯವರು ಮತ್ತೆ ಬಂದು ಕುಳಿತರು. ಅಷ್ಟರಲ್ಲಿ ಆ ಆರು ಜನರಲ್ಲಿ ಒಬ್ಬನೂ ಬದುಕಿರಲಿಲ್ಲ.