ಅಕ್ಕಿ ಬೇಳೆ ಬಿಡಿ, ಸಾರಿನ ಪುಡಿ ಒಯ್ಯಿರಿ

ಪ್ರಶ್ನೆ: ಅಕ್ಟೋಬರ್‌ನಲ್ಲಿ ಸ್ನಾತಕೋತ್ತರ ಓದಿಗಾಗಿ ಜರ್ಮನಿಗೆ ಹೋಗುತ್ತಿದ್ದೇನೆ. ಅನ್ನ ಮಾಡುವುದು, ಮೊಟ್ಟೆ ಬೇಯಿಸುವುದು ಬಿಟ್ಟರೆ ಅಡುಗೆ ಬಾರದು. ಅಮ್ಮ ಆರು ತಿಂಗಳಿಗೆ ಸಾಲುವಷ್ಟು ಅಕ್ಕಿ, ಬೇಳೆ, ತುಪ್ಪ ಎಲ್ಲವನ್ನೂ ಕಟ್ಟಿಕೊಡುತ್ತೇನೆ ಎನ್ನುತ್ತಿದ್ದಾರೆ. ನಿಜವಾಗಿ ಏನು ಒಯ್ಯಬೇಕು? ಅಲ್ಲಿ ಏನು ಸಿಗುತ್ತದೆ?

ಉತ್ತರ: ಅಮ್ಮ ಹೇಳಿದ ಮೂರನ್ನೂ ಮನೆಯಲ್ಲೇ ಬಿಡಿ. ಪೆಟ್ಟಿಗೆಯೊಂದಕ್ಕೆ ಸಾಮಾನ್ಯವಾಗಿ 23 ಕಿಲೋ ಮಿತಿ. ಅದರಲ್ಲಿ ಹತ್ತು ಕಿಲೋ ಸೋನಾ ಮಸೂರಿಯೇ ತುಂಬಿಕೊಂಡರೆ ಬಟ್ಟೆಬರೆ ಎಲ್ಲಿಡುತ್ತೀರಿ? ತುಪ್ಪದ ವಿಷಯ ಬೇರೆಯದೇ. ಹೊರದೇಶಗಳಿಂದ ಐರೋಪ್ಯ ಒಕ್ಕೂಟಕ್ಕೆ ಬರುವ ಪ್ರಯಾಣಿಕರು ಹಾಲಿನ ಹಾಗೂ ಮಾಂಸದ ಪದಾರ್ಥಗಳನ್ನು ತರುವಂತಿಲ್ಲ. ತುಪ್ಪ, ಖೋವಾ, ಧಾರವಾಡ ಪೇಡ ಎಲ್ಲವೂ ಈ ಲೆಕ್ಕಕ್ಕೆ ಬರುತ್ತವೆ. ಸಿಕ್ಕಿಬಿದ್ದರೆ ಕಸದ ಬುಟ್ಟಿಯೇ ಗತಿ. 2019ರ ಡಿಸೆಂಬರ್ 14ರಿಂದ ತಾಜಾ ಹಣ್ಣು, ತರಕಾರಿ, ಸೊಪ್ಪಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅನಾನಸ್, ತೆಂಗಿನಕಾಯಿ, ಬಾಳೆಹಣ್ಣು, ಖರ್ಜೂರ, ಡ್ಯೂರಿಯನ್ ಈ ಐದಕ್ಕೆ ಮಾತ್ರ ವಿನಾಯಿತಿ. ಹಿತ್ತಲಿನ ಕರಿಬೇವಿಗೆ ಇಲ್ಲ. ಒಣ ಕೊಬ್ಬರಿಗೆ ತಡೆ ಇನ್ನೂ ಮೊದಲೇ ಎದುರಾಗುತ್ತದೆ: ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ವಸ್ತುವೆಂದು ನಮ್ಮ ವಿಮಾನ ನಿಲ್ದಾಣಗಳಲ್ಲೇ ಅದನ್ನು ತೆಗೆದಿಡಿಸುತ್ತಾರೆ.

ತುಪ್ಪ ಅಲ್ಲಿಯೇ ಸಿಗುತ್ತದೆ. ಯಾವ ಸೂಪರ್‌ಮಾರ್ಕೆಟ್‌ಗೆ ಹೋದರೂ ಬೆಣ್ಣೆಯ ಆಸುಪಾಸಿನಲ್ಲಿ ಬುಟರ್‌ಶ್ಮಾಲ್ಟ್ಸ್ ಎಂಬ ಡಬ್ಬಿ ಇರುತ್ತದೆ. ಅದು ಕಾಸಿದ ಬೆಣ್ಣೆಯೇ. ನಮ್ಮ ತುಪ್ಪದ ಘಮ ಅದಕ್ಕಿಲ್ಲ, ಆದರೆ ಬಿಸಿ ಅನ್ನಕ್ಕೆ ಮೋಸವಿಲ್ಲ. ಬರೀ ಶ್ಮಾಲ್ಟ್ಸ್ ಎಂದು ಬರೆದಿದ್ದರೆ ಮಾತ್ರ ಅದು ಹಂದಿಯ ಕೊಬ್ಬಾಗಿರುತ್ತದೆ. ಶಾಕಾಹಾರಿಗಳು ಡಬ್ಬಿಯ ಮೇಲಿನ ಹೆಸರನ್ನು ಪೂರ್ತಿ ಓದಬೇಕು.

ಬೇಳೆಕಾಳಿಗೆ ಮೊದಲು ಹುಡುಕಬೇಕಾದದ್ದು ಭಾರತೀಯರ ಅಂಗಡಿಯನ್ನಲ್ಲ, ತುರ್ಕಿಯವರ ಅಂಗಡಿಯನ್ನು. 1961ರ ಒಪ್ಪಂದದ ಮೇಲೆ ಪಶ್ಚಿಮ ಜರ್ಮನಿಗೆ ಕೂಲಿಗೆ ಬಂದ ತುರ್ಕಿ ಕುಟುಂಬಗಳು ಅಲ್ಲೇ ನೆಲೆ ನಿಂತವು. ಹಾಗಾಗಿ ಚಿಕ್ಕ ಊರಿನಲ್ಲೂ ಅವರದೊಂದು ದಿನಸಿ ಅಂಗಡಿ ಇರುವುದು ಸಾಮಾನ್ಯ. ಚನ್ನಂಗಿ ಬೇಳೆ, ಕಡಲೆಕಾಳು, ರವೆ, ಹಸಿಮೆಣಸಿನಕಾಯಿ, ಕಿಲೋಗಟ್ಟಲೆ ಬಕೆಟ್ಟಿನಲ್ಲಿ ಮೊಸರು, ಕೈತುಂಬ ಹಿಡಿಯುವ ಕಟ್ಟಿನಲ್ಲಿ ಕೊತ್ತಂಬರಿ, ಪುದೀನ ಎಲ್ಲವೂ ಅಲ್ಲಿವೆ. ದೊಡ್ಡ ಸೂಪರ್‌ಮಾರ್ಕೆಟ್‌ಗಳಲ್ಲಿ ಕೊತ್ತಂಬರಿಯನ್ನು ನಾಲ್ಕು ಕಡ್ಡಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಔಷಧದಂತೆ ಮಾರುತ್ತಾರೆ. ತೊಗರಿಬೇಳೆ, ಉದ್ದಿನಬೇಳೆ, ಕರಿಬೇವು, ನುಗ್ಗೆಕಾಯಿ ಬೇಕೆಂದರೆ ಏಷ್ಯಾದ ಅಂಗಡಿಗೆ ಹೋಗಬೇಕು. ಕೆಲವು ಊರುಗಳಲ್ಲಿ ಇದನ್ನು ನಡೆಸುವವರು ಶ್ರೀಲಂಕಾದ ತಮಿಳರು. ಅಲ್ಲಿ ಇಡ್ಲಿ ಅಕ್ಕಿಯೂ ಸಿಗುತ್ತದೆ. ಅಕ್ಕಿಹಿಟ್ಟು ಕೊಳ್ಳುವಾಗ ಒಂದು ಎಚ್ಚರಿಕೆ: ಆನೆಯ ಚಿತ್ರವಿರುವ ಥಾಯ್ಲೆಂಡಿನ ಪೊಟ್ಟಣಗಳಲ್ಲಿ ಕೆಂಪು ಬಣ್ಣದ್ದು ಅಕ್ಕಿಹಿಟ್ಟು, ಹಸಿರು ಬಣ್ಣದ್ದು ಅಂಟಕ್ಕಿಯ ಹಿಟ್ಟು. ಹಸಿರನ್ನು ತಂದು ಅಕ್ಕಿ ರೊಟ್ಟಿ ತಟ್ಟಲು ಕುಳಿತರೆ ರಾತ್ರಿಯೆಲ್ಲ ಕೈ ತೊಳೆಯುತ್ತಿರಬೇಕಾಗುತ್ತದೆ.

ಹಾಗಾದರೆ ಪೆಟ್ಟಿಗೆಗೆ ಏನು? ಮನೆಯ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ವಾಂಗೀಬಾತ್ ಪುಡಿ. ಇವಕ್ಕೆ ಅಲ್ಲಿ ಬದಲಿಯಿಲ್ಲ. ಅಂಗಡಿಯ ಪೊಟ್ಟಣದ ಸಾಂಬಾರ್ ಪುಡಿ ನಿಮ್ಮ ಮನೆಯ ಹುಳಿಯಾಗುವುದಿಲ್ಲ. ಜೊತೆಗೆ ಒಳ್ಳೆಯ ಇಂಗು, ಒಂದಿಷ್ಟು ಬ್ಯಾಡಗಿ ಮೆಣಸಿನಕಾಯಿ, ಅಭ್ಯಾಸವಿದ್ದರೆ ರಾಗಿಹಿಟ್ಟು. ಅಮ್ಮನ ಉತ್ಸಾಹವನ್ನೆಲ್ಲ ಇವುಗಳ ಕಡೆಗೆ ತಿರುಗಿಸಿ. ಪಾತ್ರೆಯಲ್ಲಿ ಮೂರು ಲೀಟರಿನ ಕುಕ್ಕರ್ ಒಂದು, ಅದಕ್ಕೆ ಹೆಚ್ಚುವರಿ ಗ್ಯಾಸ್ಕೆಟ್. ಕುಕ್ಕರ್ ಸ್ಟೀಲಿನದಾಗಿದ್ದು ಇಂಡಕ್ಷನ್‌ಗೂ ಒಗ್ಗುವ ಚಪ್ಪಟೆ ತಳದ್ದಾಗಿರಲಿ. ಯಾವ ಬಗೆಯ ಒಲೆಯ ಕೋಣೆ ಸಿಗುತ್ತದೆಂದು ಮೊದಲೇ ಹೇಳಲಾಗದು. ಗುಂಡು ತಳದ ಒಗ್ಗರಣೆ ಸೌಟು ಅಲ್ಲಿ ಯಾವ ಒಲೆಯ ಮೇಲೂ ನಿಲ್ಲುವುದಿಲ್ಲ. ಮಿಕ್ಸಿ ಒಯ್ದರೆ ಓಡುತ್ತದೆ, ವಿದ್ಯುತ್ತು ನಮ್ಮಲ್ಲಿಯಂತೆಯೇ 230 ವೋಲ್ಟ್. ಪ್ಲಗ್ ಮಾತ್ರ ಹೊಂದುವುದಿಲ್ಲ, ಅದರ ಹೊರೆ ತಾಳುವ ಅಡಾಪ್ಟರ್ ಬೇಕು.

ಇನ್ನು ಒಲೆ. ನಿಮ್ಮ ನಿಜವಾದ ಪರೀಕ್ಷೆ ಇರುವುದು ಇಲ್ಲಿ. ವಿದ್ಯಾರ್ಥಿ ನಿಲಯಗಳಲ್ಲಿ ಗ್ಯಾಸ್ ಅಪರೂಪ. ನುಣುಪಾದ ಗಾಜಿನ ಹಲಗೆಯ ಕೆಳಗೆ ತಂತಿ ಕೆಂಪಗಾಗುವ ವಿದ್ಯುತ್ ಒಲೆಯೇ ಹೆಚ್ಚು. ಅದು ಹಚ್ಚಿದ ಕೂಡಲೇ ಕಾಯುವುದಿಲ್ಲ, ಆರಿಸಿದ ಕೂಡಲೇ ತಣಿಯುವುದೂ ಇಲ್ಲ. ಎಣ್ಣೆ ಇನ್ನೂ ತಣ್ಣಗಿದೆಯಲ್ಲ ಎಂದು ಗುಂಡಿಯನ್ನು 9ಕ್ಕೆ ತಿರುಗಿಸುತ್ತೀರಿ. ಸಾಸಿವೆ ಸಿಡಿಯತೊಡಗಿದಾಗ ಒಲೆ ಆರಿಸುತ್ತೀರಿ, ಆದರೆ ಬಿಸಿ ಏರುತ್ತಲೇ ಇರುತ್ತದೆ. ಉದ್ದಿನಬೇಳೆ ಹೊಂಬಣ್ಣ ದಾಟಿ ಕಪ್ಪಗಾಗುತ್ತದೆ, ಇಂಗು ಸೀದು ಕಹಿಯಾಗುತ್ತದೆ. ಗುಂಡಿ 6ರಲ್ಲೇ ಇರಲಿ, ತಾಳ್ಮೆಯಿಂದ ಕಾಯಿರಿ. ಮೊದಲ ನಾಲ್ಕು ಸಾಸಿವೆ ಚಟಪಟ ಎಂದೊಡನೆ ಬಾಣಲೆಯನ್ನೇ ಎತ್ತಿ ಪಕ್ಕದ ತಣ್ಣನೆಯ ಜಾಗದಲ್ಲಿಡಿ. ಉಳಿದ ಸಾಸಿವೆ ಎಣ್ಣೆಯ ಬಿಸಿಗೇ ಸಿಡಿಯುತ್ತದೆ. ಆಮೇಲೆ ಉದ್ದಿನಬೇಳೆ, ಅದು ಕೆಂಪಗಾಗುತ್ತಿರುವಾಗ ಮೆಣಸಿನಕಾಯಿ, ಕರಿಬೇವು, ಎಲ್ಲಕ್ಕಿಂತ ಕೊನೆಗೆ ಇಂಗು. ಬಾಣಲೆ ತೆಗೆದ ಒಲೆಯ ಮೇಲೆ ಕುದಿ ಬಂದ ಅನ್ನದ ಪಾತ್ರೆಯನ್ನು ಮುಚ್ಚಿಡಿ. ವ್ಯರ್ಥವಾಗುವ ಬಿಸಿಯಲ್ಲೇ ಅಗುಳು ಅರಳುತ್ತದೆ.

ಮೆಣಸಿನಕಾಯಿ ಹಾಕುವ ಮುನ್ನ ಕಿಟಕಿ ತೆರೆಯಿರಿ, ಬಾಗಿಲು ಮುಚ್ಚಿರಿ. ಜರ್ಮನಿಯ ಎಲ್ಲ ರಾಜ್ಯಗಳಲ್ಲೂ ವಾಸದ ಮನೆಗಳಿಗೆ ಹೊಗೆ ಎಚ್ಚರಿಕೆ ಯಂತ್ರ ಕಡ್ಡಾಯ. ಹೊಗೆ ಹೋಗಲೆಂದು ಬಾಗಿಲು ತೆರೆದರೆ ಹೊರಗಿನ ಕಾರಿಡಾರಿನಲ್ಲಿರುವ ಯಂತ್ರ ಕೂಗಿಕೊಳ್ಳುತ್ತದೆ. ಅಗ್ನಿಶಾಮಕ ದಳ ಬಂದು, ಅಲ್ಲಿ ಬೆಂಕಿಯ ಬದಲು ಒಗ್ಗರಣೆ ಕಂಡರೆ, ಖರ್ಚನ್ನು ನಿಮ್ಮ ತಲೆಗೆ ಕಟ್ಟುವುದೂ ಉಂಟು.

ಮ್ಯೂನಿಕ್, ಬರ್ಲಿನ್‌ನಂಥ ಊರುಗಳ ನಲ್ಲಿಯ ನೀರು ಗಡಸು. ಕುಡಿಯಲು ಉತ್ತಮ, ಬೇಳೆಗೆ ಶತ್ರು. ನೀರಿನಲ್ಲಿರುವ ಕ್ಯಾಲ್ಸಿಯಂ ಕಾಳಿನಲ್ಲಿರುವ ಪೆಕ್ಟಿನ್ ಎಂಬ ಅಂಟಿನ ಜೊತೆ ಸೇರಿ ಅದನ್ನು ಬಿಗಿಗೊಳಿಸುತ್ತದೆ. ಕುಕ್ಕರಿನಲ್ಲಿ ನಾಲ್ಕು ಸೀಟಿ ಕೂಗಿಸಿದರೂ ತೊಗರಿಬೇಳೆ ಕಾಳು ಕಾಳಾಗಿಯೇ ಉಳಿದರೆ ಅಂಗಡಿಯವನನ್ನು ಬೈಯಬೇಡಿ. ರಾತ್ರಿ ನೆನೆಹಾಕಿ, ಬೇಯಿಸುವಾಗ ಚಿಟಿಕೆ ಸೋಡಾ ಹಾಕಿ, ಹುಣಸೆಹುಳಿಯನ್ನು ಬೇಳೆ ಪೂರ್ತಿ ಬೆಂದ ಮೇಲೆಯೇ ಸೇರಿಸಿ. ಅಡುಗೆಗೆ ಹೊಸಬರಾದ ನಿಮಗೆ ನನ್ನ ಸಲಹೆ ಚನ್ನಂಗಿ ಬೇಳೆಯೇ. ಕುಕ್ಕರ್ ಇಲ್ಲದೆ ಕಾಲು ಗಂಟೆಯಲ್ಲಿ ಕರಗುತ್ತದೆ. ಅದಕ್ಕೆ ಸಾರಿನ ಪುಡಿ, ಟೊಮೆಟೊ, ಮೇಲೆ ಹೇಳಿದ ಒಗ್ಗರಣೆ ಬಿದ್ದರೆ ತೊಗರಿಬೇಳೆ ಅಲ್ಲವೆಂದು ದೂರುವವರು ಕಡಿಮೆ. ದೋಸೆ ಹಿಟ್ಟಿನ ಸಾಹಸ ಸದ್ಯಕ್ಕೆ ಬೇಡ. ಮಾಡಲೇಬೇಕೆಂದರೆ, ಓವನ್ ಕಾಯಿಸದೆ ಒಳಗಿನ ದೀಪವನ್ನು ಮಾತ್ರ ಹಚ್ಚಿ ಹಿಟ್ಟಿನ ಪಾತ್ರೆಯನ್ನು ಅಲ್ಲಿಡಿ. ಚಳಿಗಾಲದ ಅಡುಗೆಮನೆಯಲ್ಲಿ ಹಾಗೇ ಇಟ್ಟ ಹಿಟ್ಟು ಎರಡು ದಿನವಾದರೂ ಹುಳಿ ಬಾರದೆ ಕುಳಿತಿರುತ್ತದೆ.

ನಮ್ಮ ಅಡುಗೆ ಕೈಗೆ ಹತ್ತಿದ ಮೇಲೆ ವಾರದ ಸಂತೆಗೆ ಹೋಗಿ. ಪೇಟೆಯ ಚೌಕದಲ್ಲಿ ಸುತ್ತಲಿನ ರೈತರು ತಂದಿಡುತ್ತಾರೆ, ಹಲವು ಊರುಗಳಲ್ಲಿ ಶನಿವಾರ ಬೆಳಿಗ್ಗೆ. ನಮ್ಮ ನವಿಲುಕೋಸು ಅಲ್ಲಿ ರಾಶಿ ರಾಶಿ, ಎಲೆ ಸಮೇತ. ಎಲೆ ಮುರಿದು ಬಿಡಲೇ ಎಂದು ಕೇಳುವವರಿದ್ದಾರೆ, ಬೇಡವೆನ್ನಿ. ಗೆಡ್ಡೆ ಹುಳಿಗೆ, ಎಳೆಯ ಎಲೆ ಪಲ್ಯಕ್ಕೆ. ಶರತ್ಕಾಲದಲ್ಲಿ ಹೊಕ್ಕೈಡೊ ಎಂಬ ಕಿತ್ತಳೆ ಬಣ್ಣದ ಪುಟ್ಟ ಕುಂಬಳಕಾಯಿ ಬರುತ್ತದೆ. ಸಿಪ್ಪೆ ಹೆರೆಯುವ ಕೆಲಸವೇ ಇಲ್ಲ, ಗೊಜ್ಜಿಗೆ ಅದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ವಸಂತದಲ್ಲಿ ಬರುವ ರುಬಾರ್ಬ್‌ನ ಕೆಂಪು ದಂಟು ಹುಣಸೆಯಷ್ಟೇ ಹುಳಿ. ಬೆಲ್ಲ, ಮೆಣಸು ಹಾಕಿ ಚಟ್ನಿ ಮಾಡಿ, ಆದರೆ ಅದರ ಎಲೆ ವಿಷ, ಬಿಸಾಡಿ. ಅದೇ ಹೊತ್ತಿಗೆ ಬಿಳಿ ಶತಾವರಿಯ (ಆಸ್ಪ್ಯಾರಗಸ್ ತರಕಾರಿ) ಹುಚ್ಚು ದೇಶವನ್ನೆಲ್ಲ ಹಿಡಿದಿರುತ್ತದೆ. ಸಂಪ್ರದಾಯದಂತೆ ಜೂನ್ 24ಕ್ಕೆ ಅದರ ಕಾಲ ಮುಗಿಯಿತು. ಅದನ್ನು ಅವರಂತೆಯೇ ಸಿಪ್ಪೆ ಹೆರೆದು, ಬೇಯಿಸಿ, ಬೆಣ್ಣೆ ಸುರಿದು ತಿನ್ನಿ. ಎಲ್ಲಕ್ಕೂ ಸಾಸಿವೆ ಸಿಡಿಸುವ ಚಪಲ ಒಳ್ಳೆಯದಲ್ಲ.

ಖರ್ಚಿನ ವಿಷಯ ನಿಮಗೆ ಗೊತ್ತೇ ಇರುತ್ತದೆ: ವೀಸಾಕ್ಕೆಂದು ತಡೆಹಿಡಿದ ಖಾತೆಯಲ್ಲಿಟ್ಟ 11,904 ಯೂರೋದಿಂದ ತಿಂಗಳಿಗೆ ಕೈಗೆ ಬರುವುದು 992. ಬಾಡಿಗೆ, ವಿಮೆ ಕಳೆದರೆ ಹೋಟೆಲಿಗೆ ಹೆಚ್ಚು ಉಳಿಯುವುದಿಲ್ಲ. ಮಧ್ಯಾಹ್ನದ ಊಟವನ್ನು ವಿಶ್ವವಿದ್ಯಾಲಯದ ಮೆನ್ಸಾ ಎಂಬ ಊಟದ ಮನೆಯಲ್ಲಿ, ವಿದ್ಯಾರ್ಥಿ ದರದಲ್ಲಿ ಮುಗಿಸಿ, ರಾತ್ರಿಯ ಅಡುಗೆಯನ್ನು ಮಾತ್ರ ಇಟ್ಟುಕೊಳ್ಳುವವರೇ ಹೆಚ್ಚು.

ಕೊನೆಯದಾಗಿ ಅಂಗಡಿಯ ವೇಳೆ. ಭಾನುವಾರ ಮತ್ತು ಸರ್ಕಾರಿ ರಜೆಯ ದಿನ ದಿನಸಿ ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣದೊಳಗಿನವು ಮಾತ್ರ ತೆರೆದಿರಬಹುದು. ಬವೇರಿಯಾ ರಾಜ್ಯದಲ್ಲಿ ವಾರದ ದಿನವೂ ರಾತ್ರಿ 8ಕ್ಕೆ ಬಾಗಿಲು ಹಾಕುತ್ತಾರೆ. ನೀವು ಹೋಗುವ ತಿಂಗಳಲ್ಲೇ, ಅಕ್ಟೋಬರ್ 3ರಂದು, ಜರ್ಮನ್ ಏಕೀಕರಣ ದಿನದ ರಜೆ ಇದೆ. ಅದು ಶನಿವಾರವೋ ಸೋಮವಾರವೋ ಬಂದರೆ ಎರಡು ದಿನ ಸತತ ಬಂದ್. ಆ ಹೊತ್ತಿಗೆ ಇಳಿಯುವವರು ಕೈಚೀಲದಲ್ಲಿ ಅರ್ಧ ಕಿಲೋ ತೆಳು ಅವಲಕ್ಕಿ, ಒಂದು ಪೊಟ್ಟಣ ಚಟ್ನಿಪುಡಿ, ಒಂದು ಚಮಚ ಇಟ್ಟುಕೊಂಡಿರಿ.